ಟ್ಯಾಂಕು ಎಂಬ ಮನೆಮಾತು

ಪಟ್ಟಣವಾಸಿಗಳ ಮನೆಯಲ್ಲಿ ಬೆಳಗಾದೊಡನೆ ಕೇಳಿಬರುವ ಇಂಗ್ಲಿಷು ಮಾತು ಯಾವುದೆಂದರೆ ಬಹುಮಂದಿ ಕಾಫಿಯನ್ನು ನೆನೆಯುವರು. ನಮಗೆ ತೋರುವಂತೆ ಆ ಅಗ್ರಪೂಜೆ ಸಲ್ಲಬೇಕಾದುದು ಟ್ಯಾಂಕಿಗೆ. “ಟ್ಯಾಂಕು ತುಂಬಿತೇ?”, “ಟ್ಯಾಂಕು ತೊಳೆಸಿ ಎಷ್ಟು ದಿನವಾಯಿತು?” ಎಂಬೀ ಮಾತುಗಳು ಇಂಗ್ಲಿಷಿನ ಗಂಧವೇ ಇಲ್ಲದವರ ಮನೆಯಲ್ಲಿಯೂ ನಡೆಯುತ್ತಿರುವುವು. ಇಷ್ಟು ಸಲಿಗೆಯ ಮಾತಿಗೆ ಅರ್ಥವೇನೆಂದು ವಿಚಾರಿಸುವ ಗೋಜಿಗೆ ಯಾರೂ ಹೋಗುವುದಿಲ್ಲ. ಮಾಳಿಗೆಯ ಮೇಲಣ ನೀರಿನ ಪೀಪಾಯಿಯೇ ಟ್ಯಾಂಕು, ಅಲ್ಲಿಗೆ ಮುಗಿಯಿತು.

ಆದರೆ ಅದೇ ಮನೆಯ ಹುಡುಗನು ತುಮಕೂರು ಸೀಮೆಯನ್ನು ಕುರಿತ ಹಳೆಯ ಇಂಗ್ಲಿಷು ಪುಸ್ತಕವೊಂದನ್ನು ತೆರೆದನೆಂದರೆ ತೊಡಕು ಮೊದಲಾಗುವುದು. ಅಲ್ಲಿ ಕುಣಿಗಲಿನ ದೊಡ್ಡಕೆರೆಯೂ ಟ್ಯಾಂಕು; ಗುಬ್ಬಿ ತಾಲ್ಲೂಕಿನ ಕಡಬದ ಕೆರೆಯೂ ಟ್ಯಾಂಕು. ತುಮಕೂರಿನ ಅಮಾನಿಕೆರೆಯಂತೂ ‘ಅಮಾನಿಕೆರೆ ಟ್ಯಾಂಕ್’ ಎಂದು ಬರೆಯಲ್ಪಟ್ಟು ಎರಡು ಸಲ ಕೆರೆಯಾಗಿದೆ. ‘ಅಮಾನಿ’ಯೂ ಕನ್ನಡದ ಮಾತಲ್ಲ. ಗುತ್ತಿಗೆಗೆ ಕೊಡದೆ ಸರ್ಕಾರವು ತಾನೇ ನೋಡಿಕೊಳ್ಳುತ್ತಿದ್ದ ಸ್ವತ್ತಿಗೆ ಹಿಂದಿನ ಪಾರಸೀ ದಫ್ತರದಿಂದ ಬಂದ ಹೆಸರು ಅದು. ಮೂರು ಭಾಷೆಗಳು ಒಂದೇ ನೀರಿನಲ್ಲಿ ಮಿಂದಿರುವ ಪರಿಯನ್ನು ವಾಚಕರು ನೋಡಿರಿ!

ಅಷ್ಟು ದೊಡ್ಡ ಜಲರಾಶಿಗೂ ಮಾಳಿಗೆಯ ಪೀಪಾಯಿಗೂ ಒಂದೇ ಹೆಸರು ಹೇಗೆ ಬಂದಿತು? ವಿಚಿತ್ರವೇನೆಂದರೆ, ಈ ಮಾತು ನಮ್ಮ ದೇಶದಿಂದಲೇ ಇಂಗ್ಲಿಷಿಗೆ ಹೋದದ್ದು. ಗುಜರಾತಿಯಲ್ಲಿ ‘ಟಾಂಕುಂ’ ಎಂಬ ಶಬ್ದವಿದೆ. ಮರಾಠಿಯಲ್ಲಿಯೂ ಅದರ ಸೋದರ ಶಬ್ದವುಂಟು. ಅಹಮದಾಬಾದಿನ ಹಳೆಯ ಕೇರಿಗಳ ಮನೆಗಳಲ್ಲಿ ಅಂಗಳದ ನೆಲದಡಿಯಲ್ಲಿ ಗಾರೆಯ ಕೋಣೆಯನ್ನು ಕಟ್ಟಿ, ಮಾಳಿಗೆಯ ಮಳೆನೀರನ್ನು ಅದರೊಳಕ್ಕೆ ಇಳಿಸಿ, ವರ್ಷವೆಲ್ಲಾ ಕುಡಿಯಲು ಇರಿಸಿಕೊಳ್ಳುತ್ತಿದ್ದರು. ಪೋರಬಂದರಿನಲ್ಲಿ ಗಾಂಧಿಯವರು ಹುಟ್ಟಿದ ಮನೆಯಲ್ಲಿಯೂ ಇಂಥಾದ್ದೊಂದಿದೆ. 17ನೆಯ ಶತಮಾನದಲ್ಲಿ ವ್ಯಾಪಾರಕ್ಕೆಂದು ಪಶ್ಚಿಮ ಕರಾವಳಿಗೆ ಬಂದಿಳಿದ ಆಂಗ್ಲರು ಈ ಮಾತನ್ನು ಕಿವಿಗೆ ಹಾಕಿಕೊಂಡರು. ಅವರಿಗಿಂತ ಮೊದಲೇ ಬಂದಿದ್ದ ಪೋರ್ತುಗೀಸರು ಕೊಳಕ್ಕೆ ‘ತಾಂಕೆ’ ಎನ್ನುತ್ತಿದ್ದರು; ಹರಿಯುವುದನ್ನು ತಡೆದು ನಿಲ್ಲಿಸು ಎಂಬರ್ಥದ ಬೇರೊಂದು ಧಾತುವಿನಿಂದ ಅದು ಹುಟ್ಟಿತೆನ್ನುವರು. ಈ ಎರಡೂ ಆಂಗ್ಲರ ಬಾಯಲ್ಲಿ ಬೆರೆತು ಒಂದಾದುವೆಂದು ನಿಘಂಟುಕಾರರ ಊಹೆ. ಅದಂತಿರಲಿ.

ಹೀಗೆ ಸಿಕ್ಕಿದ ಒಂದೇ ಮಾತನ್ನು ಅವರು ನಮ್ಮ ನಾಡಿನ ನೀರಿಗೆಲ್ಲಾ ಹೊದಿಸಿಬಿಟ್ಟರು. ಕನ್ನಡಿಗನಿಗೆ ಕೆರೆ ಬೇರೆ, ಕಟ್ಟೆ ಬೇರೆ, ಕುಂಟೆ ಬೇರೆ. ದೇವಾಲಯದ ಮುಂದಿನದು ಕಲ್ಯಾಣಿ, ಬಚ್ಚಲ ಮನೆಯದು ತೊಟ್ಟಿ. ಇವೆಲ್ಲವೂ ಇಂಗ್ಲಿಷು ಕಾಗದದಲ್ಲಿ ಟ್ಯಾಂಕುಗಳೇ. ಕೆರೆಯೆಂದರೆ ನಿಂತ ನೀರು ಮಾತ್ರವೇ? ಅದಕ್ಕೆ ಏರಿಯುಂಟು, ತೂಬುಂಟು, ಕೋಡಿಯುಂಟು. ತೂಬಿನ ಕೆಳಗೆ ಅಚ್ಚುಕಟ್ಟುಂಟು. ಯಾರ ಗದ್ದೆಗೆ ಯಾವ ಹೊತ್ತಿನಲ್ಲಿ ನೀರೆಂದು ಗೊತ್ತುಮಾಡುವ ನೀರುಗಂಟಿಯುಂಟು. ಮೇಲಿನ ಕೆರೆ ಕೋಡಿ ಬಿದ್ದರೆ ಹೆಚ್ಚಿನ ನೀರು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರಾಚೆಯದಕ್ಕೆ. ದೇವರಾಯನದುರ್ಗದ ಮಗ್ಗುಲಲ್ಲಿ ಹುಟ್ಟುವ ಶಿಂಷೆಯು ಕಡಬದಲ್ಲಿ ಕೆರೆಯಾಗಿ ನಿಂತು, ಮುಂದೆ ಕುಣಿಗಲು ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗಿ ನಿಲ್ಲುವಳು. ಅಲ್ಲಿ ಮಟ್ಟ ಮೀರಿದ ನೀರು ಯಾರ ಕೈಯೂ ಸೋಕದೆ ಸೈಫನ್ನುಗಳ ಮೂಲಕ ತಾನಾಗಿ ಹೊರಬೀಳುವುದು. 19ನೆಯ ಶತಮಾನದಲ್ಲಿ ಮೈಸೂರಿನ ಮುಖ್ಯ ಇಂಜಿನಿಯರಾಗಿದ್ದ ಸ್ಯಾಂಕಿಯವರು, ಸಂಸ್ಥಾನದ ನೆಲದಲ್ಲಿ ನೂರಕ್ಕೆ ಸುಮಾರು 60 ಪಾಲು ಕೆರೆಗಳ ಏರ್ಪಾಟಿಗೆ ಒಳಪಟ್ಟಿದೆಯೆಂದು ಬೆರಗಿನಿಂದ ಲೆಕ್ಕಹಾಕಿದ್ದರು. ಇದನ್ನೆಲ್ಲಾ ಕಟ್ಟಿದವರು ಟ್ಯಾಂಕೆಂಬ ಮಾತನ್ನು ಕೇಳಿಯೇ ಇರಲಿಲ್ಲ. ಕುಣಿಗಲ ಕೆರೆಯನ್ನು ಹೊಗಳುವ ಜನಪದ ಗೀತೆಯನ್ನು ನಮ್ಮ ಹೆಂಗಸರು ಬಲ್ಲರಷ್ಟೆ. ಅದರಲ್ಲಿ ಕೆರೆಯನ್ನು ತೆಗೆದು ಟ್ಯಾಂಕನ್ನಿಟ್ಟು ಹಾಡಿ ನೋಡಿದರೆ ನಾಲಗೆಯೇ ಮುಷ್ಕರ ಹೂಡುವುದು.

ಇಂಗ್ಲೆಂಡಿಗೆ ಹೋದ ಮಾತು ಅಲ್ಲಿ ಬೇರೆಯೇ ಸಂಸಾರ ಹೂಡಿತು. ನೀರೋ ಎಣ್ಣೆಯೋ ತುಂಬುವ ದೊಡ್ಡ ಪಾತ್ರೆಯೆಂಬ ಅರ್ಥ ಬಲಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಕಬ್ಬಿಣದ ಕವಚದ ರಣಯಂತ್ರವನ್ನು ಗುಟ್ಟಾಗಿ ತಯಾರಿಸುವಾಗ, ಶತ್ರುಗಳಿಗೆ ಸುಳಿವು ಸಿಕ್ಕದಿರಲೆಂದು, ಇದು ನೀರು ಹೊರುವ ಟ್ಯಾಂಕೆಂದು ಹೇಳಿಕೊಂಡರು. 1916ರ ಸೆಪ್ಟೆಂಬರು 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಗುಟ್ಟು ರಟ್ಟಾಯಿತು. ಹೆಸರು ಮಾತ್ರ ಅಂಟಿಕೊಂಡಿತು. ಆದುದರಿಂದ ನಮ್ಮ ಹುಡುಗನು ವಿಲಾಯಿತಿಯ ಮಿತ್ರನಿಗೆ “ನಮ್ಮೂರ ಟ್ಯಾಂಕಿನಲ್ಲಿ ಈಜಿದೆನು” ಎಂದು ಬರೆದರೆ, ಅವನು ಮೀನಿನ ಗಾಜುಪೆಟ್ಟಿಗೆಯನ್ನೋ ರಣಯಂತ್ರವನ್ನೋ ನೆನೆದು ಗಾಬರಿಯಾದಾನು. ಅಲ್ಲಿಯವರು ಬಳಸುವ ‘ಲೇಕ್’ ಎಂಬುದೂ ಸರಿಹೋಗದು. ಬಹುಮಟ್ಟಿಗೆ ಅದು ತಾನಾಗಿ ಆದ ಸರೋವರದ ಹೆಸರು, ಕೆರೆಯಾದರೋ ಮನುಷ್ಯನು ಕಟ್ಟಿದ್ದು. ಇಂಗ್ಲಿಷಿನಲ್ಲಿಯೂ ಕೆರೆಯೆಂದೇ ಬರೆದು, ಒಂದು ವಾಕ್ಯದಲ್ಲಿ ವಿವರಿಸುವುದು ಲೇಸೆಂದು ನಮ್ಮ ಅಭಿಪ್ರಾಯ.

ಮನೆಯಲ್ಲಿ ಟ್ಯಾಂಕಿನ ಜೊತೆಗೇ ಬಾಳುವ ‘ಸಂಪು’ ಇನ್ನೂ ವಿನೋದದ್ದು. ಇಂಗ್ಲಿಷಿನಲ್ಲಿ ಇದರ ಹಳೆಯ ಅರ್ಥ ಜೌಗು ನೆಲ. ಬಳಿಕ ಗಣಿಯ ತಳದಲ್ಲಿ ಹೊಲಸು ನೀರು ಸೇರುವ ಹಳ್ಳ. ಈಗ ಮೋಟಾರಿನ ಎಂಜಿನ್ನಿನಡಿಯ ಎಣ್ಣೆಯ ತಟ್ಟೆಗೂ ಅದೇ ಹೆಸರು. ನಾವಾದರೋ ಕುಡಿಯುವ ನೀರನ್ನೇ ಸಂಪಿನಲ್ಲಿರಿಸಿ, ಅತಿಥಿಗಳಿಗೆ ಅದನ್ನೇ ಕೊಡುವೆವು! ನೆಲದಡಿಯ ಈ ತೊಟ್ಟಿಗೇ ಗುಜರಾತಿನವರು ಟಾಂಕುಂ ಎನ್ನುತ್ತಿದ್ದುದು. ಆ ಹೆಸರು ಸಮುದ್ರ ದಾಟಿ ಮರಳಿ ಬಂದು ಮಾಳಿಗೆಯನ್ನೇರಿತು. ಬರಿದಾದ ನೆಲದ ಪಟ್ಟಕ್ಕೆ ಗಣಿಯ ಹಳ್ಳವು ಬಂದು ಕುಳಿತಿತು. ಮಾಳಿಗೆಯ ಪ್ಲಾಸ್ಟಿಕ್ಕಿನ ಪೀಪಾಯಿಯನ್ನು ಹಲವರು ‘ಸಿಂಟೆಕ್ಸ್’ ಎನ್ನುವರಲ್ಲವೇ? ಆ ಹೆಸರಿನ ಕಾರ್ಖಾನೆಯೂ ಗುಜರಾತಿನ ಕಲೋಲಿನದೇ.

ಇನ್ನು ತುಮಕೂರಿನ ಮನೆಗಳ ಟ್ಯಾಂಕಿಗೆ ನೀರು ಎಲ್ಲಿಂದ ಬರುವುದೆಂದು ಮಕ್ಕಳನ್ನು ಕೇಳಿದರೆ ನಲ್ಲಿಯನ್ನು ತೋರಿಸುವರು. ನಲ್ಲಿಯ ಹಿಂದಿರುವುದು ಬುಗುಡನಹಳ್ಳಿಯ ಕೆರೆ. ಹಾಸನ ಜಿಲ್ಲೆಯ ಗೊರೂರಿನಲ್ಲಿ 1979ರಲ್ಲಿ ಮುಗಿದ ಅಣೆಕಟ್ಟಿನಿಂದ ಹೇಮಾವತಿಯ ನೀರು ನಾಲೆಯಲ್ಲಿ ಹರಿದುಬಂದು ಅಲ್ಲಿ ತಂಗುವುದು. ಅಲ್ಲಿಂದ ಶುದ್ಧಿಯಾಗಿ, ಕೊಳವೆಯಲ್ಲಿ ನಡೆದು, ಸಂಪಿಗಿಳಿದು, ಮಾಳಿಗೆಗೆ ಏರುವುದು. ನಾಲೆಗೆ ನೀರು ಬಿಡದ ವರ್ಷ ಬುಗುಡನಹಳ್ಳಿಯ ಟ್ಯಾಂಕು ತಳ ಕಂಡಿತೆಂದರೆ, ಕೆಲವೇ ದಿನಗಳಲ್ಲಿ ಮಾಳಿಗೆಯ ಟ್ಯಾಂಕಿನಲ್ಲಿಯೂ ಬರಿಯ ಗಾಳಿಯ ಸದ್ದು ಕೇಳುವುದು.