ಪರದೆಯ ಮೇಲೆ ಸೊನ್ನೆಗಳ ಸಾಲೇಕೆ?

ಪ್ರಶ್ನೆ: ಕೋಬಾಲ್ ಎಂಬ ಕಂಪ್ಯೂಟರ್ ಭಾಷೆ ಕಲಿಯುತ್ತಿದ್ದೇನೆ. 250 ರೂಪಾಯಿಯನ್ನು ತೋರಿಸು ಎಂದರೆ ಪರದೆಯಲ್ಲಿ 0000250 ಎಂದು ಬರುತ್ತದೆ. ತಪ್ಪೆಲ್ಲಿದೆ?

ಉತ್ತರ: ತಪ್ಪು ಎಲ್ಲೂ ಇಲ್ಲ. ನೀವು ಆ ಮೊತ್ತಕ್ಕೆ ಏಳು ಅಂಕಿಗಳ ಜಾಗ ಕೊಟ್ಟಿದ್ದೀರಿ. ‘ಡಿಸ್‌ಪ್ಲೇ’ ಆಜ್ಞೆ ಆ ಏಳೂ ಮನೆಗಳನ್ನು ಇದ್ದದ್ದು ಇದ್ದಂತೆ ಪರದೆಗೆ ತರುತ್ತದೆ. ಖಾಲಿ ಮನೆಗಳಲ್ಲಿ ಸೊನ್ನೆ ಕೂತಿರುತ್ತದೆ.

ಕೋಬಾಲ್ ರೂಪುಗೊಂಡದ್ದು 1959ರಲ್ಲಿ, ವ್ಯವಹಾರದ ಲೆಕ್ಕಕ್ಕಾಗಿ. ಹಾಗಾಗಿ ಲೆಕ್ಕ ಮಾಡುವ ಸಂಖ್ಯೆ ಬೇರೆ, ಓದುವ ಸಂಖ್ಯೆ ಬೇರೆ ಎಂಬ ವಿವೇಕ ಅದರಲ್ಲಿದೆ. ಓದುವ ಸಂಖ್ಯೆಗೆ ಇನ್ನೊಂದು ಜಾಗ ಮಾಡಿ, ಅದರ ‘ಪಿಕ್ಚರ್’ ಅನ್ನು, ಅಂದರೆ ಸಂಖ್ಯೆ ಕಾಣಬೇಕಾದ ಅಚ್ಚನ್ನು, ‘ಝಡ್‌ಝಡ್,ಝಡ್‌ಝಡ್,ಝಡ್‌ಝಡ್9’ ಎಂದು ಬರೆಯಿರಿ. ಮೊತ್ತವನ್ನು ‘ಮೂವ್’ ಆಜ್ಞೆಯಿಂದ ಅಲ್ಲಿಗೆ ಸಾಗಿಸಿ, ಆಮೇಲೆ ತೋರಿಸಿ. ‘ಝಡ್’ ಇದ್ದಲ್ಲಿ ಸಂಖ್ಯೆಯ ಮೊದಲಿಗೆ ಬರುವ ಸೊನ್ನೆಗಳೂ ಅವುಗಳ ನಡುವಿನ ಅಲ್ಪವಿರಾಮಗಳೂ ಅಳಿಸಿಹೋಗಿ 250 ಮಾತ್ರ ಉಳಿಯುತ್ತದೆ.

ಇನ್ನೊಂದು ಸೊಗಸು ಗಮನಿಸಿ: ಅಲ್ಪವಿರಾಮ ಎಲ್ಲಿರಬೇಕೆಂದು ನಿರ್ಧರಿಸುವವರು ನೀವೇ. ಇದೇ ಅಚ್ಚಿನಲ್ಲಿ 0125000 ಎಂಬುದು ನಮ್ಮ ಲಕ್ಷದ ಲೆಕ್ಕದಂತೆ 1,25,000 ಎಂದೇ ಕಾಣುತ್ತದೆ.

ಆದರೆ ನೆನಪಿಡಿ, ಹೀಗೆ ಸಿಂಗರಿಸಿದ ಸಂಖ್ಯೆಯನ್ನು ಕೂಡುವಂತಿಲ್ಲ, ಕಳೆಯುವಂತಿಲ್ಲ. ಲೆಕ್ಕವನ್ನೆಲ್ಲ ಮೂಲ ಸಂಖ್ಯೆಯಲ್ಲೇ ಮುಗಿಸಿಕೊಳ್ಳಿ.