ಬೇಲಿಯಿಲ್ಲದ ಊರು

ಇಂಗ್ಲಿಷ್ ಕಾದಂಬರಿಗಳನ್ನು ಓದಿದವರಿಗೆ ಅಲ್ಲಿಯ ಹಳ್ಳಿಯೆಂದರೆ ಬೇಲಿಯೊಳಗಿನ ಹೊಲಗಳೇ ನೆನಪಾಗುತ್ತವೆ. ಆ ಬೇಲಿಗಳಲ್ಲಿ ಬಹಳಷ್ಟು ಹದಿನೆಂಟು, ಹತ್ತೊಂಬತ್ತನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಶಾಸನಗಳಿಂದ ಎದ್ದವು. ಅವುಗಳೊಡನೆ ಎಷ್ಟೋ ಬಡವರ ಗೋಮಾಳದ ಹಕ್ಕೂ ಹೋಯಿತು. ಪಾರಾದ ಕೆಲವೇ ಊರುಗಳಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಲ್ಯಾಕ್ಸ್‌ಟನ್ ಒಂದು. ಅಲ್ಲಿ ಮೂರು ದೊಡ್ಡ ಬಯಲುಗಳು, ಒಂದೊಂದರಲ್ಲೂ ಹಲವು ಗೇಣಿದಾರರ ಪಟ್ಟಿಗಳು. 1635ರ ನಕ್ಷೆಯಲ್ಲಿಯೂ ಇಂಥವೇ ಪಟ್ಟಿಗಳು! ನವೆಂಬರಿನ ಕೊನೆಗೆ ಊರ ಪಂಚರು ಗೋಧಿಯ ಬಯಲಿಗೆ ಹೋಗಿ ಎಲ್ಲೆಗೆ ಗೂಟ ನೆಡುತ್ತಾರೆ. ದಾರಿಯನ್ನು ಒತ್ತಿ ಉತ್ತವನಿಗೆ ಊರ ನ್ಯಾಯಸಭೆಯಲ್ಲಿ ದಂಡ. ಹಣ ಅಲ್ಪ, ನೆರೆಯವರೆದುರು ತಲೆತಗ್ಗಿಸುವುದೇ ದೊಡ್ಡ ದಂಡವೆಂದು ನನ್ನ ಎಣಿಕೆ. 1952ರಲ್ಲಿ ಜಮೀನ್ದಾರರಿಂದ ಸರ್ಕಾರ ಕೊಂಡ ಈ ಊರು 2020ರಲ್ಲಿ ಅದೇ ಥೋರ್ಸ್‌ಬಿ ಜಮೀನ್ದಾರಿಗೆ ಮರಳಿತು. ಗೂಟ ನೆಡುವ ಕೆಲಸವಂತೂ ನಿಂತಿಲ್ಲ.