ಬೇಲಿಗೆ ಯಾರು ನೀರು ಹಾಕ್ತಾರೆ?

ದಸರಾ ರಜೆ ಮುಗಿಸಿ ಹಾಸ್ಟೆಲಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಅಮ್ಮ ಕೊಟ್ಟ ಚಟ್ನಿಪುಡಿ, ಚಕ್ಕುಲಿಯ ಜೊತೆಗೆ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಕತ್ತಾಳೆ ಮರಿಯೂ ಇತ್ತು. ನಮ್ಮದು ಚಳ್ಳಕೆರೆ ಕಡೆಯ ಹಳ್ಳಿ. ಹೊಲದ ಸುತ್ತ ಕತ್ತಾಳೆಯದೇ ಬೇಲಿ. ತಂತಿಬೇಲಿ ಹಾಕಿಸಬೇಕೆಂದು ಅಪ್ಪ ಜೆಸಿಬಿ ತರಿಸಿ ಒಂದು ಬದಿಯನ್ನು ಕೀಳಿಸಿದ್ದರು. ಆ ರಾಶಿಯಿಂದ ಗೇಣುದ್ದದ ಮರಿಯೊಂದನ್ನು ಬಿಡಿಸಿ ತಾತ ನನ್ನ ಕೈಗಿಟ್ಟರು. ‘ಇದನ್ನ ಸಾಯಿಸೋಕೆ ನಿನ್ನ ಕೈಲಿ ಆಗಲ್ಲ, ತಗೋ’ ಅಂದರು. ಮೂರೇ ತಿಂಗಳಲ್ಲಿ ನಾನು ಸಾಯಿಸಿ ತೋರಿಸಿದೆ!

ನಿರ್ಲಕ್ಷ್ಯದಿಂದಲ್ಲ, ಪ್ರೀತಿಯಿಂದ. ತಳದಲ್ಲಿ ತೂತಿಲ್ಲದ ಪ್ಲಾಸ್ಟಿಕ್ ಡಬ್ಬಕ್ಕೆ ಅಂಟು ಮಣ್ಣು ತುಂಬಿ ನೆಟ್ಟೆ. ಬಿಸಿಲು ಬೀಳದ ನನ್ನ ಮೇಜಿನ ಮೂಲೆಯಲ್ಲಿಟ್ಟು ದಿನಾ ಬೆಳಿಗ್ಗೆ ಒಂದು ಲೋಟ ನೀರು ಹಾಕಿದೆ. ಗಿಡ ನೆಟ್ಟ ವಾರದಲ್ಲೇ ನಾಲ್ಕನೇ ಸೆಮಿಸ್ಟರಿನ ಫಲಿತಾಂಶ ಬಂತು. ಗಣಿತದಲ್ಲಿ ಫೇಲಾಗಿದ್ದೆ. ಮನೆಗೆ ಹೇಳಲಿಲ್ಲ. ಕೆಲವೇ ವಾರಗಳಲ್ಲಿ ಗಿಡದ ಬುಡದ ಎಲೆಗಳು ಹಳದಿಯಾಗಿ ಮೆತ್ತಗಾಗತೊಡಗಿದವು. ಹಾಳಾದ ಬದಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಪ್ರತಿ ಭಾನುವಾರ ಅಪ್ಪ ಫೋನಿನಲ್ಲಿ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ‘ಗಿಡ ಹೇಗಿದೆ? ಓದು ಹೇಗಿದೆ?’ ಎರಡಕ್ಕೂ ನನ್ನದು ಒಂದೇ ಉತ್ತರ, ‘ಚೆನ್ನಾಗಿದೆ.’

ಜನವರಿಯ ಒಂದು ಭಾನುವಾರ ಎಲೆ ಮುಟ್ಟಿದರೆ ಇಡೀ ಗಿಡವೇ ಕೈಗೆ ಬಂತು. ಬುಡ ಕೊಳೆತು ನಾರುತ್ತಿತ್ತು. ತಾತನಿಗೆ ಫೋನ್ ಮಾಡಿದೆ.

‘ನೀರು ಎಷ್ಟು ಹಾಕ್ತಿದ್ದೆ?’

‘ದಿನಾ ಒಂದು ಲೋಟ.’

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಬೇಲಿಗೆ ಯಾರು ನೀರು ಹಾಕ್ತಾರೆ ತಾಯಿ?’ ಅಂದರು. ನಗು ಬರಬೇಕಿತ್ತು, ಅಳು ಬಂತು. ‘ಗಿಡಕ್ಕೆ ಯಾಕಿಷ್ಟು ಅಳ್ತೀಯ?’ ಎಂದು ಗಾಬರಿಯಾದರು. ಅಳುತ್ತಲೇ ಗಣಿತದ ವಿಷಯವನ್ನೂ ಹೇಳಿಬಿಟ್ಟೆ.

ಮುಂದಿನ ವಾರ ಅಪ್ಪನೇ ಬಂದರು. ಕೈಯಲ್ಲಿ ಇನ್ನೊಂದು ಮರಿ. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ಕೇಳಿದ್ದು ಒಂದೇ ಮಾತು: ‘ಮತ್ತೆ ಬರೆಯೋಕೆ ಫೀಸು ಎಷ್ಟಂತೆ?’

ಈ ಸಲ ತಾತ ಹೇಳಿದಂತೆ ಮಾಡಿದೆ. ತಾಯಿಗಿಡದಿಂದ ಕತ್ತರಿಸಿದ ಗಾಯ ಒಣಗಲೆಂದು ಮರಿಯನ್ನು ನಾಲ್ಕೈದು ದಿನ ನೆರಳಿನಲ್ಲಿ ಸುಮ್ಮನೆ ಇಟ್ಟೆ. ತೂತಿರುವ ಮಣ್ಣಿನ ಕುಂಡಕ್ಕೆ ಮಣ್ಣು, ಮರಳು, ಇಟ್ಟಿಗೆ ಚೂರು ಸಮನಾಗಿ ಬೆರೆಸಿ ತುಂಬಿದೆ. ನೆಟ್ಟ ಮೇಲೆ ಒಂದು ವಾರ ನೀರಿಲ್ಲ. ಆಮೇಲೂ ಬೆರಳು ಚುಚ್ಚಿ ನೋಡಿ, ಮಣ್ಣು ಪೂರ್ತಿ ಒಣಗಿದ್ದರೆ ಮಾತ್ರ ನೀರು. ಮಳೆಗಾಲದಲ್ಲಿ ಅದೂ ಬೇಡ. ಜಾಗ ಮಾತ್ರ ಬಿಸಿಲು ಬೀಳುವ ಟೆರೇಸು. ಅಲ್ಲಿಗೂ ಒಮ್ಮೆಲೇ ಒಯ್ಯದೆ, ಬಿಸಿಲನ್ನು ನಿಧಾನವಾಗಿ ಅಭ್ಯಾಸ ಮಾಡಿಸಿದೆ.

ಇದು ಹೇಗೆ ಬದುಕುತ್ತದೆ ಎಂದು ಓದಿದಾಗ ಎಂಜಿನಿಯರಿಂಗ್ ವಿದ್ಯಾರ್ಥಿನಿಯಾದ ನನಗೇ ಬೆರಗಾಯಿತು. ಹೆಚ್ಚಿನ ಗಿಡಗಳು ಹಗಲಲ್ಲಿ ಪತ್ರರಂಧ್ರ ತೆರೆದರೆ ಕತ್ತಾಳೆ ತೆರೆಯುವುದು ಮುಖ್ಯವಾಗಿ ರಾತ್ರಿ, ಬಿಸಿಲಿಗೆ ನೀರು ಆವಿಯಾಗಿ ಹೋಗದಿರಲಿ ಎಂದು. ರಾತ್ರಿ ಒಳಗೆಳೆದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟುಕೊಂಡು, ಹಗಲಿನ ಬೆಳಕಿನಲ್ಲಿ ಸಕ್ಕರೆ ಮಾಡಿಕೊಳ್ಳುತ್ತದೆ. ಮೆಕ್ಸಿಕೊದಂಥ ಒಣನೆಲದಿಂದ ಬಂದ ಗಿಡ ನಮ್ಮ ಬಯಲುಸೀಮೆಗೆ ಒಗ್ಗಿದ್ದು ಸುಮ್ಮನೆ ಅಲ್ಲ.

ಒಂದು ಎಚ್ಚರಿಕೆ. ಇದನ್ನು ಲೋಳೆಸರ ಎಂದುಕೊಂಡು ನನ್ನ ರೂಮ್‌ಮೇಟ್ ಮುಖಕ್ಕೆ ಹಚ್ಚಲು ಎಲೆ ಮುರಿದಿದ್ದಳು. ಪುಣ್ಯಕ್ಕೆ ಮೊದಲು ಕೈಗೆ ತಾಗಿ ತುರಿಕೆ ಶುರುವಾಯಿತು. ಕತ್ತಾಳೆಯ ರಸ ಚರ್ಮಕ್ಕೆ ಆಗದು. ಗಿಡ ಮುಟ್ಟುವಾಗ ಕೈಗವಸು ಇರಲಿ, ತುದಿಯ ಮುಳ್ಳು ಕಣ್ಣಿನ ಮಟ್ಟಕ್ಕೆ ಬರದಂತೆ ಕುಂಡ ಇಡಿ. ಲೋಳೆಸರದಲ್ಲಿ ಇರುವುದು ಲೋಳೆ, ಕತ್ತಾಳೆಯಲ್ಲಿ ಇರುವುದು ನಾರು. ಹಿಂದೆ ತಾತ ಎಲೆಗಳನ್ನು ಕೆರೆಯಲ್ಲಿ ಕೊಳೆಹಾಕಿ, ಬಡಿದು, ನಾರು ತೆಗೆದು ಎತ್ತಿನ ಹಗ್ಗ ಹೊಸೆಯುತ್ತಿದ್ದರಂತೆ. ಈಗ ಸಂತೆಯಲ್ಲಿ ನೈಲಾನ್ ಹಗ್ಗ ಸಿಗುತ್ತದೆ, ಬೇಲಿಗೆ ತಂತಿ ಸಿಗುತ್ತದೆ. ಅಪ್ಪನನ್ನು ದೂರಲಾರೆ. ಆದರೆ ಉಳಿದ ಮೂರು ಬದಿಯ ಕತ್ತಾಳೆಯನ್ನು ಸದ್ಯಕ್ಕೆ ಬಿಟ್ಟಿದ್ದಾರೆ.

ಕತ್ತಾಳೆ ಬದುಕಿನಲ್ಲಿ ಒಮ್ಮೆ ಮಾತ್ರ ಹೂ ಬಿಡುತ್ತದೆ. ಹತ್ತಾರು ವರ್ಷ ಕೂಡಿಟ್ಟದ್ದನ್ನೆಲ್ಲ ಒಂದೇ ಎತ್ತರದ ಕಂಬಕ್ಕೆ ಸುರಿದು ಒಣಗಿಹೋಗುತ್ತದೆ. ಅಷ್ಟರಲ್ಲಿ ಬುಡದ ಸುತ್ತ ಮರಿಗಳು ಎದ್ದಿರುತ್ತವೆ. ನನ್ನ ಕುಂಡದ ಗಿಡ ಹೂ ಬಿಡುವ ಹೊತ್ತಿಗೆ ನಾನೆಲ್ಲಿರುತ್ತೇನೋ!

ಮುಂದಿನ ತಿಂಗಳು ಗಣಿತ ಪರೀಕ್ಷೆ. ಭಾನುವಾರದ ಫೋನಿನಲ್ಲಿ ಅದೇ ಎರಡು ಪ್ರಶ್ನೆ ಬರುತ್ತವೆ, ನನ್ನ ಉತ್ತರಗಳು ಮಾತ್ರ ಬದಲಾಗಿವೆ. ‘ಒಂದು ಎಲೆಯ ತುದಿ ಒಣಗಿದೆ ಅಪ್ಪ, ನಡುವೆ ಹೊಸ ಎಲೆ ಬರ್ತಿದೆ. ಎರಡು ಮಾಡ್ಯೂಲ್ ಅರ್ಥ ಆಗಿದೆ, ಪ್ರೊಬಬಿಲಿಟಿ ಇನ್ನೂ ಆಗಿಲ್ಲ.’